ಲಿಂಕ್ ಯಾರಿಗೂ ಗೊತ್ತಿಲ್ಲ ಎಂದರೆ ಮಾಹಿತಿ ಸುರಕ್ಷಿತವೇ?

ಕಚೇರಿಯ ಕೆಲಸ, ಕಾಲೇಜಿನ ಪ್ರಾಜೆಕ್ಟ್, ಸಂಘದ ವಾರ್ಷಿಕೋತ್ಸವ ಹೀಗೆ ಹಲವರು ಸೇರಿ ಮಾಡುವ ಕೆಲಸಗಳನ್ನು ನಿರ್ವಹಿಸಲು ಟ್ರೆಲೊ, ಜಿರಾ, ಅಸಾನಾ ಮುಂತಾದ ತಂತ್ರಾಂಶಗಳಿವೆ. ಯಾವ ಕೆಲಸ ಯಾರದ್ದು, ಎಷ್ಟು ಮುಗಿದಿದೆ ಎಂಬುದೆಲ್ಲ ಅಲ್ಲಿ ಒಂದೇ ಕಡೆ ಸಿಗುತ್ತದೆ. ಟ್ರೆಲೊದಲ್ಲಿ ಇದಕ್ಕೆ ‘ಬೋರ್ಡ್’ ಎಂದು ಹೆಸರು. ಬೋರ್ಡ್ ‘ಪಬ್ಲಿಕ್’ ಆಗಿದ್ದರೆ ಅದರ ಲಿಂಕನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದಾಗ ಎಲ್ಲರೂ ನೋಡಬಹುದು.

‘ಲಿಂಕ್ ನಮ್ಮವರಿಗೆ ಮಾತ್ರ ಗೊತ್ತು, ಹೊರಗಿನವರು ಹೇಗೆ ನೋಡುತ್ತಾರೆ?’ ಎಂದು ಅನೇಕರು ನಂಬಿದ್ದಾರೆ. ಈ ನಂಬಿಕೆ ತಪ್ಪು. ಮನೆ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ ಎಂದುಕೊಂಡು ಬೀಗ ಹಾಕದೆ ಊರಿಗೆ ಹೋದಂತೆ ಇದು.

ವಿಶ್ವಸಂಸ್ಥೆಯಲ್ಲೂ ಹೀಗಾಗಿತ್ತು

2018ರಲ್ಲಿ ಭಾರತದ ಭದ್ರತಾ ಸಂಶೋಧಕ ಕುಶಾಗ್ರ ಪಾಠಕ್ ಅವರು ಗೂಗಲ್‌ನಲ್ಲಿ ಹುಡುಕುತ್ತಿದ್ದಾಗ ವಿಶ್ವಸಂಸ್ಥೆಯ ಸಿಬ್ಬಂದಿ ಬಳಸುತ್ತಿದ್ದ ಟ್ರೆಲೊ ಬೋರ್ಡುಗಳು ಕಣ್ಣಿಗೆ ಬಿದ್ದವು. ಅವು ‘ಪಬ್ಲಿಕ್’ ಆಗಿದ್ದವು. ಬೋರ್ಡುಗಳ ಮೂಲಕ ಗೂಗಲ್ ಡಾಕ್ಸ್ ಕಡತಗಳೂ ತೆರೆದುಕೊಳ್ಳುತ್ತಿದ್ದವು. ಕಡತಗಳನ್ನು ಇಡುವ ಸರ್ವರ್, ವಿಡಿಯೊ ಸಭೆಯ ವ್ಯವಸ್ಥೆ ಇತ್ಯಾದಿಗಳ ಲಾಗಿನ್ ವಿವರಗಳು ಹೀಗೆ ಬಯಲಾಗಿದ್ದವು. ಯಾರೂ ಏನನ್ನೂ ಹ್ಯಾಕ್ ಮಾಡಿರಲಿಲ್ಲ, ತೆರೆದಿಟ್ಟ ಪುಟ ಹುಡುಕಿದವರಿಗೆ ಸಿಕ್ಕಿತ್ತು, ಅಷ್ಟೆ.

ಜಿರಾದಲ್ಲಿ ಇನ್ನೊಂದು ಬಗೆಯ ಗೊಂದಲವಿತ್ತು. ‘ಎವ್ರಿಒನ್’ ಎಂಬ ಆಯ್ಕೆಯನ್ನು ಹಲವು ಸಂಸ್ಥೆಗಳು ‘ನಮ್ಮ ಕಚೇರಿಯ ಎಲ್ಲರೂ’ ಎಂದು ಅರ್ಥ ಮಾಡಿಕೊಂಡಿದ್ದವು. ಅದರ ನಿಜವಾದ ಅರ್ಥ ಇಂಟರ್ನೆಟ್ಟಿನಲ್ಲಿರುವ ಎಲ್ಲರೂ ಎಂದು! ಇದೇ ಕಾರಣಕ್ಕೆ ಅಮೆರಿಕದ ನಾಸಾ ಸಂಸ್ಥೆಯ ಸಿಬ್ಬಂದಿಯ ಹೆಸರು, ಇಮೇಲ್ ಮತ್ತು ಯೋಜನೆಗಳ ವಿವರ ಹೊರಗಿನವರಿಗೂ ಕಾಣುತ್ತಿದ್ದುದನ್ನು ಮತ್ತೊಬ್ಬ ಭಾರತೀಯ ಸಂಶೋಧಕ ಅವಿನಾಶ್ ಜೈನ್ 2019ರಲ್ಲಿ ಬಹಿರಂಗಪಡಿಸಿದರು.

ಯಾರಿಗೆ ಏನು ಕಾಣುತ್ತದೆ?

ಟ್ರೆಲೊ ಬೋರ್ಡಿನ ಮುಖ್ಯ ಆಯ್ಕೆಗಳು ಹೀಗಿವೆ:

• ಪ್ರೈವೇಟ್: ಬೋರ್ಡಿಗೆ ಸೇರಿಸಿದ ಸದಸ್ಯರು ನೋಡಬಹುದು. ವರ್ಕ್‌ಸ್ಪೇಸ್‌ನ ಅಡ್ಮಿನ್‌ಗೂ ಅದರ ಮೇಲೆ ಹಿಡಿತ ಇರಬಹುದು.
• ವರ್ಕ್‌ಸ್ಪೇಸ್: ಆ ಬೋರ್ಡಿಗೆ ಸೇರದಿದ್ದರೂ ನಿಮ್ಮ ವರ್ಕ್‌ಸ್ಪೇಸ್‌ನಲ್ಲಿರುವ ಎಲ್ಲರೂ ನೋಡಬಹುದು.
• ಪಬ್ಲಿಕ್: ಜಗತ್ತಿನ ಯಾರು ಬೇಕಾದರೂ ಲಾಗಿನ್ ಆಗದೆಯೇ ನೋಡಬಹುದು. ಗೂಗಲ್ ಹುಡುಕಾಟದಲ್ಲೂ ಬರಬಹುದು.

ಗೂಗಲ್ ಡಾಕ್ಸ್ ಮತ್ತು ಶೀಟ್ಸ್‌ನಲ್ಲಿ ‘ರಿಸ್ಟ್ರಿಕ್ಟೆಡ್’ ಎಂದಿದ್ದರೆ ನೀವು ಸೇರಿಸಿದವರಿಗೆ ಮಾತ್ರ ಪ್ರವೇಶ. ‘ಎನಿಒನ್ ವಿತ್ ದ ಲಿಂಕ್’ ಎಂದಿದ್ದರೆ ಲಿಂಕ್ ಕೈಗೆ ಸಿಕ್ಕಿದ ಎಲ್ಲರಿಗೂ ಪ್ರವೇಶ. ಆ ಲಿಂಕ್ ಎಷ್ಟು ಗುಂಪುಗಳಿಗೆ ಫಾರ್ವರ್ಡ್ ಆಗುತ್ತದೆ ಎನ್ನುವುದು ನಿಮ್ಮ ಕೈಯಲ್ಲಿರುವುದಿಲ್ಲ.

ಕೆಲವು ತಪ್ಪು ನಂಬಿಕೆಗಳು

‘ನೋಡಲು ಮಾತ್ರ ಅನುಮತಿ ಕೊಟ್ಟಿದ್ದೇನೆ, ತೊಂದರೆಯಿಲ್ಲ.’
ನೋಡಲು ಸಾಧ್ಯವಾದರೆ ಸ್ಕ್ರೀನ್‌ಶಾಟ್ ತೆಗೆಯಲೂ ಸಾಧ್ಯ. ಪಾಸ್‌ವರ್ಡ್ ಕದಿಯಲು ತಿದ್ದುವ ಅನುಮತಿ ಬೇಕಿಲ್ಲ.

‘ಬೋರ್ಡ್ ಪ್ರೈವೇಟ್ ಮಾಡಿದ್ದೇನೆ, ಒಳಗಿರುವುದೆಲ್ಲ ಭದ್ರ.’
ಬೋರ್ಡಿನಲ್ಲಿ ಅಂಟಿಸಿದ ಗೂಗಲ್ ಡಾಕ್ಸ್ ಲಿಂಕಿಗೆ ಅದರದ್ದೇ ಪ್ರತ್ಯೇಕ ಅನುಮತಿ ಇರುತ್ತದೆ. ಬೋರ್ಡಿಗೆ ಬೀಗ ಹಾಕಿದರೆ ಆ ಕಡತಕ್ಕೆ ಬೀಗ ಬೀಳುವುದಿಲ್ಲ.

‘ಕೆಲಸ ಬಿಟ್ಟವರನ್ನು ವಾಟ್ಸ್ಆ್ಯಪ್ ಗುಂಪಿನಿಂದ ತೆಗೆದಿದ್ದೇವೆ.’
ಬೋರ್ಡಿನ ಸದಸ್ಯರ ಪಟ್ಟಿಯಲ್ಲಿ ಅವರು ಹಾಗೆಯೇ ಉಳಿದಿರುತ್ತಾರೆ. ಅಲ್ಲಿಂದಲೂ ತೆಗೆಯಬೇಕು. ಆಹ್ವಾನದ ಲಿಂಕ್ ಇದ್ದರೆ ಅದನ್ನೂ ಅಳಿಸಬೇಕು. ಇಲ್ಲದಿದ್ದರೆ ಆ ಲಿಂಕ್ ಸಿಕ್ಕವರು ಸದಸ್ಯರಾಗಿ ಒಳಗೇ ಬರಬಹುದು.

‘ನಮ್ಮ ಬೋರ್ಡಿನಲ್ಲಿ ಅಂಥ ಗುಟ್ಟೇನೂ ಇಲ್ಲ.’
ಹೆಸರು, ಮೊಬೈಲ್ ಸಂಖ್ಯೆ, ಯಾರು ಎಷ್ಟು ಹಣ ಕೊಡಬೇಕು ಎಂಬ ಪಟ್ಟಿ ಇದ್ದರೆ ವಂಚಕರಿಗೆ ಅಷ್ಟೇ ಸಾಕು. ‘ಹಾಲ್ ಬುಕಿಂಗ್‌ನ ಬಾಕಿ ಹಣ ಈ ಸಂಖ್ಯೆಗೆ ಕಳಿಸಿ’ ಎಂದು ಸರಿಯಾದ ಹೆಸರು, ದಿನಾಂಕ, ಮೊತ್ತ ಹೇಳಿ ಕೇಳಿದರೆ ನಂಬದವರು ಯಾರು?

ಈಗಲೇ ಪರೀಕ್ಷಿಸಿ

1. ಬೋರ್ಡಿನ ಲಿಂಕನ್ನು ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಲಾಗಿನ್ ಆಗದೆ ತೆರೆಯಿರಿ. ಒಳಗಿನ ವಿವರ ಕಂಡರೆ ಅದು ಊರಿಗೆಲ್ಲ ಕಾಣುತ್ತಿದೆ ಎಂದೇ ಅರ್ಥ.
2. ಬೋರ್ಡಿನ ಮೆನುವಿನಲ್ಲಿ ‘ವಿಸಿಬಿಲಿಟಿ’ ಎಂಬ ಆಯ್ಕೆಗೆ ಹೋಗಿ ‘ಪ್ರೈವೇಟ್’ ಮಾಡಿ. ಒಳಗಿನ ಕಡತಗಳ ಲಿಂಕುಗಳನ್ನೂ ಇದೇ ರೀತಿ ಒಂದೊಂದಾಗಿ ನೋಡಿ.
3. ಸದಸ್ಯರ ಪಟ್ಟಿಯನ್ನು ಆಗಾಗ ಓದಿ. ಎಲ್ಲರನ್ನೂ ಅಡ್ಮಿನ್ ಮಾಡಬೇಡಿ. ಒಬ್ಬರಿಗೆ ಕೆಲಸಕ್ಕೆ ಎಷ್ಟು ಅನುಮತಿ ಬೇಕೋ ಅಷ್ಟನ್ನೇ ಕೊಡಿ. ಒಬ್ಬರ ಖಾತೆ ಕಳ್ಳರ ಪಾಲಾದರೂ ಆಗ ಹಾನಿ ಕಡಿಮೆ.
4. ಪಾಸ್‌ವರ್ಡ್, ಆಧಾರ್ ಪ್ರತಿ, ಬ್ಯಾಂಕ್ ವಿವರಗಳನ್ನು ಇಂತಹ ಬೋರ್ಡುಗಳಲ್ಲಿ ಬರೆಯಲೇಬೇಡಿ. ಪಾಸ್‌ವರ್ಡ್ ಇಡಲು ಪ್ರತ್ಯೇಕ ಪಾಸ್‌ವರ್ಡ್ ಮ್ಯಾನೇಜರ್‌ಗಳಿವೆ.
5. ನಿಮ್ಮ ಖಾತೆಗೆ ಎರಡು ಹಂತದ ದೃಢೀಕರಣ ಹಾಕಿಕೊಳ್ಳಿ.

ಈಗಾಗಲೇ ಬಯಲಾಗಿದ್ದರೆ?

ಬೋರ್ಡನ್ನು ಪ್ರೈವೇಟ್ ಮಾಡಿ ಸುಮ್ಮನಾದರೆ ಸಾಲದು. ಅದು ತೆರೆದಿದ್ದ ದಿನಗಳಲ್ಲಿ ಯಾರು ನೋಡಿದರು ಎಂದು ಹೇಳಲು ಬರುವುದಿಲ್ಲ. ಆದ್ದರಿಂದ ಅಲ್ಲಿದ್ದ ಪಾಸ್‌ವರ್ಡ್‌ಗಳನ್ನು ತಕ್ಷಣ ಬದಲಿಸಿ. ಯಾರ ಫೋನ್ ಸಂಖ್ಯೆ, ವಿಳಾಸ ಅಲ್ಲಿತ್ತೋ ಅವರಿಗೆ ತಿಳಿಸಿ ಎಚ್ಚರಿಸಿ. ಯಾರಾದರೂ ವಂಚನೆಗೆ ಒಳಗಾಗಿ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಲಿ.

ಮುಂದಿನ ಸಲ ಗುಂಪಿಗೆ ಇಂಥದ್ದೊಂದು ಲಿಂಕ್ ಬಂದಾಗ ಫಾರ್ವರ್ಡ್ ಒತ್ತುವ ಮೊದಲು, ಇದು ಯಾರಿಗೆಲ್ಲ ತೆರೆಯುತ್ತದೆ ಎಂದು ಕಳಿಸಿದವರನ್ನು ಕೇಳಿ. ಅದರಲ್ಲಿರುವ ಹೆಸರುಗಳಲ್ಲಿ ನಿಮ್ಮದೂ ಒಂದಿರಬಹುದು.