ಅರಸನನ್ನು ಕಾಡಿದ ಬ್ರಹ್ಮರಾಕ್ಷಸ

ಮಡಿಕೇರಿಯ ಓಂಕಾರೇಶ್ವರ ದೇವಾಲಯವನ್ನು ಮೊದಲ ಬಾರಿ ದೂರದಿಂದ ಕಂಡಾಗ ನಾವು ಅದನ್ನು ದರ್ಗಾ ಎಂದೇ ಭಾವಿಸಿದ್ದೆವು. ನಡುವೆ ಗುಮ್ಮಟ, ನಾಲ್ಕು ಮೂಲೆಗೂ ಮಿನಾರು, ಎದುರಿಗೆ ಕೆರೆ. 1820ರಲ್ಲಿ ಇದನ್ನು ಕಟ್ಟಿಸಿದವನು ಹಾಲೇರಿ ವಂಶದ ಲಿಂಗರಾಜೇಂದ್ರ. ಅವನು ಅನ್ಯಾಯವಾಗಿ ಕೊಲ್ಲಿಸಿದ ಬ್ರಾಹ್ಮಣನೊಬ್ಬ ಬ್ರಹ್ಮರಾಕ್ಷಸನಾಗಿ ಅವನನ್ನೇ ಕಾಡಿದನಂತೆ. ಕಾಶಿಯಿಂದ ಲಿಂಗ ತರಿಸಿ ಪ್ರತಿಷ್ಠಾಪಿಸಿದ ಮೇಲೆಯೇ ಕಾಟ ನಿಂತಿತಂತೆ.

ದೆವ್ವವನ್ನು ನಂಬುವವರು ನಂಬಲಿ. ಆದರೆ ಅರಸನೇ ಕೊಲ್ಲಿಸಿದರೆ ದೂರು ಕೊಡುವುದು ಯಾರಿಗೆ? ಬದುಕಿದ್ದವರು ಬಾಯಿಬಿಟ್ಟು ಆಡಲಾಗದ ಮಾತನ್ನು ಸತ್ತವನಿಂದ ಆಡಿಸಿದ್ದಾರೆ ಎಂದು ನಮಗೆ ತೋರುತ್ತದೆ.

ಲಿಂಗರಾಜ ಅದೇ ವರ್ಷ ತೀರಿಕೊಂಡ. ಗದ್ದಿಗೆಯಲ್ಲಿರುವ ಅವನ ಸಮಾಧಿಯ ಮೇಲೂ ಅಂಥದೇ ಗುಮ್ಮಟ. ಮಗ ಚಿಕ್ಕವೀರರಾಜೇಂದ್ರನನ್ನು 1834ರಲ್ಲಿ ಪಟ್ಟದಿಂದಿಳಿಸಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. ಅವನು ಸತ್ತದ್ದು 1859ರಲ್ಲಿ, ದೂರದ ಲಂಡನ್ನಿನಲ್ಲಿ. ಗುಡಿಗೆ ಬಂದವರಿಗೆ ಬ್ರಾಹ್ಮಣನ ಕೊಲೆಯ ಕತೆಯನ್ನು ಇಂದಿಗೂ ಹೇಳುತ್ತಾರೆ.