ಸೋಮವಾರದ ಬಿಡುವು, ಏಳು ಗಂಟೆಯ ಸೈರನ್

ಕಲಘಟಗಿ ಸೀಮೆಯಲ್ಲಿ ಒಕ್ಕಲುತನದ ಕೆಲಸಗಳನ್ನು ಹಂಚಿಕೊಟ್ಟದ್ದು ಮಳೆ ನಕ್ಷತ್ರಗಳು. ಒಂದೊಂದು ಮಳೆಗೆ 13–14 ದಿನ. ಮೇ ಕೊನೆಯ ರೋಹಿಣಿಗೆ ಭತ್ತದ ಕೂರಿಗೆ ಬಿತ್ತನೆ. ಜೂನ್ 7ರ ಸುಮಾರಿಗೆ ಕೂಡುವ ಮಿರಗಕ್ಕೆ ಉಳಿದ ಮುಂಗಾರಿ ಬೆಳೆ. ಹದ ತಪ್ಪಿದರೆ ವರ್ಷದ ಬೆಳೆಯೇ ತಪ್ಪಿದಂತೆ. ಅಂಥ ಅವಸರದಲ್ಲೂ ಸೋಮವಾರ ಎತ್ತಿನ ಹೆಗಲಿಗೆ ನೊಗ ಏರುತ್ತಿರಲಿಲ್ಲ. ಅದು ಬಸವಣ್ಣನ ವಾರ. ಎತ್ತುಗಳ ಮೈ ತೊಳೆಯುವುದು, ಹಗ್ಗ-ಮಿಣಿ ಸರಿಪಡಿಸುವುದು, ಕುಂಟೆ-ಕೂರಿಗೆ ರಿಪೇರಿ ಆ ದಿನದ ಕೆಲಸ. ಬಿಡುವಿನ ದಿನವೇ ಮುಂದಿನ ವಾರದ ತಯಾರಿಯ ದಿನವೂ ಆಗಿತ್ತು. ಊರೆಲ್ಲ ಪಾಲಿಸುತ್ತಿದ್ದುದರಿಂದಲೇ ಈ ಕಟ್ಟಳೆ ಬಾಳಿತು ಎನ್ನಬೇಕು.

ಕೆಲಸಕ್ಕಿದ್ದ ಇಂಥ ಕಟ್ಟು ಮನೆಯ ಮನರಂಜನೆಗೂ ಇತ್ತು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾಯಿತು. ರೇಡಿಯೊ ಗೊತ್ತುಪಡಿಸಿದ ಹೊತ್ತಿಗೆ ಮಾತಾಡಿ ಸುಮ್ಮನಾಗುತ್ತಿತ್ತು. ಮೊಬೈಲಿಗೆ ಆ ಕಟ್ಟಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಪಾಠವೂ ಅದರಲ್ಲೇ ಬಂದ ಮೇಲೆ ಮಕ್ಕಳ ಕೈಯಿಂದ ಅದನ್ನು ಬಿಡಿಸುವುದು ಕಷ್ಟವಾಯಿತು. ಗಡಿಯಾಚೆ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಊರು 2022ರಲ್ಲಿ ಹಳೆಯ ಬಗೆಯ ಕಟ್ಟಳೆಯನ್ನೇ ಮಾಡಿತು. ಸಂಜೆ 7ಕ್ಕೆ ಗುಡಿಯ ಸೈರನ್ ಕೂಗಿದರೆ ಮನೆಮನೆಯಲ್ಲಿ ಟಿವಿ, ಮೊಬೈಲ್ ಬಂದ್. ಮಕ್ಕಳು ಓದಿಗೆ ಕೂರಬೇಕು. ನಿರ್ಬಂಧ 8.30ರವರೆಗೆ.