ಆರ್ಥರ್ ಬ್ರೂಮ್ ಪಾದ್ರಿಯೂ ಮೂಕಜೀವಿಗಳೂ

ಕ್ರೈಸ್ತಮತದಲ್ಲಿ ಭೂತದಯೆಗೆ ಅಷ್ಟಾಗಿ ಸ್ಥಾನವಿಲ್ಲವೆಂದು ನಮ್ಮಲ್ಲಿ ಅನೇಕರು ತಿಳಿದಿರುವರು. ದೇವರು ಮನುಷ್ಯನಿಗೆ ಪಶುಪಕ್ಷಿಗಳ ಮೇಲೆ ಒಡೆತನವನ್ನು ಕೊಟ್ಟನೆಂದು ಬೈಬಲಿನ ಮೊದಲನೆಯ ಅಧ್ಯಾಯದಲ್ಲಿಯೇ ಹೇಳಿರುವುದು ಇದಕ್ಕೆ ಕಾರಣವಾಗಿರಬಹುದು. ಆದರೆ ಕಣ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಹಾಕಲಾಗದೆಂಬ ವಿಧಿಯೂ, ಏಳನೆಯ ದಿನದಲ್ಲಿ ಎತ್ತು ಕತ್ತೆಗಳಿಗೂ ವಿಶ್ರಾಂತಿ ಬೇಕೆಂಬ ವಿಧಿಯೂ ಅದೇ ಗ್ರಂಥದಲ್ಲಿವೆ. ಸುಗ್ಗಿಯ ಕಣವನ್ನು ಕಂಡವರಿಗೆ ಮೊದಲನೆಯದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವಿಧಿಗಳನ್ನು ಹಿಡಿದು 1776ರಲ್ಲಿ ಹಂಫ್ರಿ ಪ್ರಿಮಾಟನೆಂಬ ಆಂಗ್ಲ ಧರ್ಮೋಪದೇಶಕನು ಒಂದು ಗ್ರಂಥವನ್ನು ಬರೆದನು. ನೋವು ಮನುಷ್ಯನದಾದರೇನು, ಮೃಗದ್ದಾದರೇನು, ನೋವು ನೋವೇ. ಮೈಬಣ್ಣವು ಬಿಳುಪಾದ ಮಾತ್ರಕ್ಕೆ ಕಪ್ಪುಮೈಯವನನ್ನು ದಾಸನನ್ನಾಗಿ ಮಾಡುವ ಹಕ್ಕು ಹೇಗೆ ಬರುವುದಿಲ್ಲವೋ ಹಾಗೆಯೇ ಮನುಷ್ಯರೂಪವಿದ್ದ ಮಾತ್ರಕ್ಕೆ ಮೃಗವನ್ನು ಹಿಂಸಿಸುವ ಹಕ್ಕೂ ಬಾರದು ಎಂಬುದು ಅವನ ವಾದವು. ಇದಕ್ಕಿಂತಲೂ ಆಳವಾದ ಮಾತೊಂದಿದೆ. ಪಶುವಿಗೆ ಪರಲೋಕವಿಲ್ಲವಾದುದರಿಂದ ಅದನ್ನು ಹೇಗೆ ನಡೆಯಿಸಿದರೂ ದೋಷವಿಲ್ಲವೆಂದು ಕೆಲವರು ಹೇಳುತ್ತಿದ್ದರಷ್ಟೆ. ಪ್ರಿಮಾಟನು ಅದನ್ನೇ ತಿರುಗಿಸಿದನು. ಮನುಷ್ಯನಿಗಾದ ಅನ್ಯಾಯಕ್ಕೆ ಪರದಲ್ಲಾದರೂ ಪರಿಹಾರವುಂಟು. ಪಶುವಿಗೆ ಇರುವುದು ಇದೊಂದೇ ಬಾಳು, ಅದನ್ನು ಕೆಡಿಸಿದರೆ ತುಂಬಿಕೊಡಲು ಬೇರೆ ಎಡೆಯೇ ಇಲ್ಲ.

ಗ್ರಂಥವು ಬಹುಕಾಲ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಸಂಗ್ರಹಿಸಿ ಪುನಃ ಅಚ್ಚು ಹಾಕಿಸಿದವನೇ ಆರ್ಥರ್ ಬ್ರೂಮ್ ಎಂಬ ಪಾದ್ರಿಯು. ರಿಚರ್ಡ್ ಮಾರ್ಟಿನನ ಪ್ರಯತ್ನದಿಂದ 1822ರಲ್ಲಿ ದನ, ಕುದುರೆ, ಕುರಿಗಳನ್ನು ಕ್ರೂರವಾಗಿ ನಡೆಯಿಸಬಾರದೆಂಬ ಕಾಯಿದೆಯು ಹುಟ್ಟಿತ್ತು. ಕಾಯಿದೆಯಿದ್ದರೆ ಸಾಲದು, ತಪ್ಪಿದವರನ್ನು ನ್ಯಾಯಸ್ಥಾನಕ್ಕೆ ಎಳೆಯುವವರೂ ಬೇಕಲ್ಲವೆ? ಬ್ರೂಮನು ಸ್ವಂತ ಹಣದಿಂದ ಆಳುಗಳನ್ನು ನೇಮಿಸಿ ಲಂಡನ್ನಿನ ಸ್ಮಿತ್‌ಫೀಲ್ಡ್ ದನದ ಸಂತೆಗೆ ಕಳುಹಿಸಿದನು. ತನ್ನ ಚರ್ಚಿನ ಉದ್ಯೋಗವನ್ನೂ ಬಿಟ್ಟನು. 1824ನೆಯ ಜೂನ್ 16ರಂದು ಅವನು ಕರೆದ ಸಭೆಯಲ್ಲಿ ಪ್ರಾಣಿಹಿಂಸಾ ನಿವಾರಣ ಸಂಘವು ಸ್ಥಾಪಿತವಾಯಿತು. ದಾಸ್ಯವಿಮೋಚನೆಗಾಗಿ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸನೂ ಅಲ್ಲಿದ್ದನು. ಸಭೆ ಸೇರಿದ ಕಾಫಿ ಅಂಗಡಿಯ ಹೆಸರಿಗೆ ಇಂಗ್ಲಿಷಿನಲ್ಲಿ ಕೊಲೆಯೆಂಬ ಅರ್ಥವೂ ಬರುವುದು. ಅದು ಅಂಗಡಿಯನ್ನು ಸ್ಥಾಪಿಸಿದವನ ಹೆಸರೆಂಬುದನ್ನು ಮರೆಯಬಾರದು.

ಸಂಘಕ್ಕೆ ಸಾಲವು ಬೆಳೆಯಿತು. ಹೊಣೆ ಹೊತ್ತಿದ್ದ ಬ್ರೂಮನು 1826ರಲ್ಲಿ ಸೆರೆಮನೆ ಸೇರಬೇಕಾಯಿತು. ಅವನನ್ನು ಬಿಡಿಸಲು ಹಣ ಕೂಡಿಸಿದವರು ಮಾರ್ಟಿನನೂ ಲೂಯಿಸ್ ಗೊಂಪರ್ಟ್ಸನೂ. ಈ ಗೊಂಪರ್ಟ್ಸನು ಯೆಹೂದ್ಯನು. ಮಾಂಸವನ್ನಷ್ಟೇ ಅಲ್ಲ, ಹಾಲನ್ನೂ ತ್ಯಜಿಸಿದ್ದನು. ಕುದುರೆ ಎಳೆಯುವ ಗಾಡಿಯನ್ನು ಹತ್ತುತ್ತಿರಲಿಲ್ಲ. ಬ್ರೂಮನ ತರುವಾಯ ಕಾರ್ಯದರ್ಶಿಯಾಗಿ ಸಂಘವನ್ನು ಉಳಿಸಿದವನು ಇವನೇ. ಆದರೆ ಸಂಘವು ಕೇವಲ ಕ್ರೈಸ್ತತತ್ತ್ವಗಳ ಮೇಲೆ ನಿಂತದ್ದೆಂದು ಸದಸ್ಯರು ನಿರ್ಣಯ ಮಾಡಲಾಗಿ, 1833ರಲ್ಲಿ ಅವನು ಹೊರಬಂದು ಬೇರೊಂದು ಸಂಘವನ್ನು ಕಟ್ಟಿದನು. ಪ್ರಿಮಾಟನು ಆಧಾರವಾಗಿ ಹಿಡಿದ ಎತ್ತಿನ ವಿಧಿಯು ಗೊಂಪರ್ಟ್ಸನ ಪೂರ್ವಿಕರ ಧರ್ಮಶಾಸ್ತ್ರದ್ದೆಂಬುದು ಆ ಸದಸ್ಯರಿಗೆ ಹೊಳೆಯಲಿಲ್ಲವೋ, ಹೊಳೆದೂ ಸುಮ್ಮನಿದ್ದರೋ! ನಮಗಂತೂ ಇದು ಆ ಸಂಘದ ಚರಿತ್ರೆಯಲ್ಲಿ ಕಪ್ಪುಚುಕ್ಕೆಯಾಗಿಯೇ ತೋರುವುದು.

1835ರಲ್ಲಿ ಗೂಳಿಯನ್ನು ಕಟ್ಟಿ ನಾಯಿಗಳನ್ನು ಛೂ ಬಿಡುವ ಆಟವೂ ಕೋಳಿಯ ಜೂಜೂ ಇಂಗ್ಲೆಂಡಿನಲ್ಲಿ ನಿಷಿದ್ಧವಾದುವು. 1840ರಲ್ಲಿ ವಿಕ್ಟೋರಿಯಾ ರಾಣಿಯು ಸಂಘಕ್ಕೆ ರಾಜಬಿರುದನ್ನು ಅನುಗ್ರಹಿಸಿದಳು. ಅದಕ್ಕೆ ಮೂರು ವರ್ಷಗಳ ಮೊದಲೇ ಬ್ರೂಮನು ತೀರಿಕೊಂಡಿದ್ದನು.